ಇನ್ನೊಂದು ಚೂರು ನೀಲಿ

ರಸ್ತೆಯಲ್ಲಿ ಕಾರಿನ ಸದ್ದು ಕೇಳಿದರೆ, ಅಡುಗೆಮನೆಯಲ್ಲಿ ಕುಳಿತೇ ಅದು ಯಾರ ಮನೆಯ ಕಾರೆಂದು ಹೇಳಬಹುದಾಗಿದ್ದ ಕಾಲ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿಗೂ ಮಂಗಳೂರಿಗೂ ಜನರನ್ನು ಕರೆಯುವ ಕೂಗಾಟ ಬೇಕಷ್ಟಿತ್ತು. ಕಾರು ಮಾತ್ರ ವಕೀಲರದೊಂದು, ಅಕ್ಕಿ ಮಿಲ್ಲಿನವರದೊಂದು, ಬಾಡಿಗೆಯ ನಾಲ್ಕೈದು. ನಮ್ಮ ಮನೆಯಲ್ಲೂ ಒಂದಿತ್ತು. ಆದರೆ ಅದಕ್ಕೆ ಸದ್ದಿರಲಿಲ್ಲ.

ಅದು ಹಟ್ಟಿಯಲ್ಲಿತ್ತು. ಹಟ್ಟಿಯ ಅರ್ಧ ದನಕ್ಕೆ, ಅರ್ಧ ಕಾರಿಗೆ. ಚಕ್ರಗಳ ಗಾಳಿ ಹೋಗಿ ಅದು ಮೊಣಕಾಲೂರಿ ಕುಳಿತ ಹಾಗಿತ್ತು. ಒಡೆದ ಕಿಟಕಿಯಿಂದ ಕೋಳಿಗಳು ಒಳಗೆ ಹಾರಿ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದವು. ಕಾನ್ವೆಂಟಿಗೆ ಹೊರಡುವ ಮೊದಲು ಆ ಮೊಟ್ಟೆ ತರುವುದು ನನ್ನ ಕೆಲಸ. ಬಾಗಿಲು ತೆರೆದರೆ ತೆಂಗಿನ ನಾರು, ಕೋಳಿಯ ಹಿಕ್ಕೆ, ಹಳೆಯ ಎಣ್ಣೆ, ಇವೆಲ್ಲದರ ಅಡಿಯಲ್ಲಿ ಎಲ್ಲೋ ಔಷಧದ ಒಂದು ತೆಳು ಘಾಟು. ಅದು ಅಜ್ಜನ ವಾಸನೆ ಎಂದು ನಾನು ನಂಬಿದ್ದೆ.

ಅಜ್ಜ ಡಾಕ್ಟರಾಗಿದ್ದರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಆ ವಿಲಾಯಿತಿ ಕಾರನ್ನು ಅಜೆಕಾರು ಎಂಬ ಊರಿನ ಕಡೆಯ ಮಣ್ಣು ರಸ್ತೆಗಳಲ್ಲಿ, ಗದ್ದೆಯ ಬದುವಿನವರೆಗೂ ಓಡಿಸುತ್ತಿದ್ದರಂತೆ. ಆ ಕಡೆಯ ಹೆಂಗಸರು ಪೇಟೆಯಲ್ಲಿ ಸಿಕ್ಕಿದರೆ, ನಮ್ಮ ದೊಡ್ಡವನು ಹುಟ್ಟಿದ್ದು ನಿಮ್ಮ ಕಾರಿನಲ್ಲೇ ಎನ್ನುತ್ತಿದ್ದರು. ಹಾಗೆ ಹೇಳಿದವರನ್ನು ಲೆಕ್ಕ ಹಾಕಿದರೆ ಅರ್ಧ ಊರೇ ಆ ಸೀಟಿನಲ್ಲಿ ಹುಟ್ಟಿರಬೇಕು. ಕೋಳಿಗಳಿಗೂ ಆ ವಿಷಯ ತಿಳಿದಿತ್ತೋ ಏನೋ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಜ್ಜಿಯ ಕಣ್ಣಿನ ಪೊರೆ ಬಹಳ ಬೆಳೆದಿತ್ತು. ಗಂಜಿಗೆ ಹಾಕುವ ಉಪ್ಪು ಬಟ್ಟಲಿನ ಹೊರಗೆ ಬೀಳುತ್ತಿತ್ತು. ನಾನು ಶಾಲೆಯಿಂದ ಬಂದರೆ ಹತ್ತಿರ ಕರೆದು, ಹಣೆಯಿಂದ ಗಲ್ಲದವರೆಗೆ ಬೆರಳಾಡಿಸಿ, "ಬಾಲೆ ಬಂದಳು" ಎನ್ನುತ್ತಿದ್ದರು. ಮುಂದಿನ ಮಳೆಗಾಲದೊಳಗೆ ಆಪರೇಷನ್ ಆಗಬೇಕು, ತಡವಾದರೆ ಕಷ್ಟ ಎಂದು ಮಣಿಪಾಲದ ಡಾಕ್ಟರು ಅಪ್ಪನಿಗೆ ಹೇಳಿದ್ದರು. ಅಜ್ಜಿ ಒಪ್ಪಲಿಲ್ಲ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆ ದಿನದ ಮಾತು ಹೆಚ್ಚುಕಡಿಮೆ ಹೀಗಿತ್ತು.

"ಡಾಕ್ಟ್ರ ಹೆಂಡತಿಯಾಗಿ ನೀನು ಹೀಗೆ ಹೆದರುವುದಾ ಅಮ್ಮ?" ಎಂದರು ಅಪ್ಪ.

"ಡಾಕ್ಟ್ರ ಹೆಂಡತಿ ಆದ್ದರಿಂದಲೇ ಹೆದರುವುದು. ಕತ್ತಿ ಕತ್ತರಿಯನ್ನೆಲ್ಲ ಕುದಿಸಿ ಕೊಟ್ಟವಳು ನಾನಲ್ವಾ?"

"ಮಣಿಪಾಲ ಎಂತ ದೂರವಾ? ಒಂದು ಬಸ್ಸು ಹತ್ತಿದರಾಯಿತು."

"ಬಸ್ಸಿನಲ್ಲಿ ಕುಲುಕಿಸಿಕೊಂಡು ನಾನು ಬರುವುದಿಲ್ಲ. ನಿನ್ನ ಅಪ್ಪನ ಕಾರಾದರೆ ಬರುತ್ತಿದ್ದೆ."

"ಕಾರು ಉಂಟಲ್ಲ?"

"ಉಂಟು. ಕೋಳಿ ಓಡಿಸ್ತದಾ?"

ಒಳಗೆ ಅಮ್ಮ ನಕ್ಕರು. ಅಪ್ಪ ನಗಲಿಲ್ಲ. ಅವರು ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರು, ತಪ್ಪು ಉತ್ತರ ಹೇಳಿದ ಹುಡುಗನನ್ನು ಮತ್ತೆ ಕೇಳುವ ಹಾಗೆ, "ಅದು ಓಡಿದರೆ ಬರ್ತೀಯಾ?" ಎಂದರು.

"ಓಡಿದರೆ ಬರ್ತೇನೆ. ಬಣ್ಣವೂ ಮೊದಲಿನದ್ದೇ ಆಗಬೇಕು. ಈ ಕರಿ ಬಣ್ಣದ್ದರಲ್ಲಿ ನಾನು ಕೂರುವುದಿಲ್ಲ."

ಕಾರು ಹೊಸತಾಗಿ ಬಂದಾಗ ಅದರ ಬಣ್ಣ ಬೇರೆಯೇ ಇತ್ತಂತೆ. ಕೆಸರು ಕಾಣುತ್ತದೆಂದು ಅಜ್ಜ ಆಮೇಲೆ ಅದಕ್ಕೆ ಕಪ್ಪು ಬಳಿಸಿದ್ದರು. ಅಜ್ಜಿಗೆ ಅದು ಕೊನೆಗೂ ಹಿಡಿಸಿರಲಿಲ್ಲ. ಹೇಗಿತ್ತು ಆ ಮೊದಲಿನ ಬಣ್ಣ ಎಂದು ಕೇಳಿದರೆ, "ಒಳ್ಳೆಯದಿತ್ತು" ಎಂದಷ್ಟೇ ಹೇಳಿದರು. ಮನೆಯಲ್ಲಿದ್ದದ್ದು ಒಂದೇ ಫೋಟೊ, ಕಪ್ಪುಬಿಳುಪಿನದು. ಆಗದ ಕೆಲಸವೊಂದನ್ನು ಹೇಳಿ ಗೆದ್ದೆನೆಂಬ ಸಮಾಧಾನದಲ್ಲಿ ಅಜ್ಜಿ ಎಲೆಯಡಿಕೆಯ ತಟ್ಟೆ ಹತ್ತಿರ ಎಳೆದುಕೊಂಡರು.

ದೀಪಾವಳಿ ಕಳೆದ ಶನಿವಾರ ಮಧ್ಯಾಹ್ನ ಅಪ್ಪ ಲುಂಗಿ ಕಟ್ಟಿ ಹಟ್ಟಿಗೆ ಹೋದರು. ಕೋಳಿಗಳಿಗೆ ಬುಟ್ಟಿ ಇಟ್ಟರು. ಎಂಜಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅದರ ತಲೆಯ ಮೇಲಿನ ನಾಲ್ಕು ತೂತುಗಳಿಗೆ ಸೀಮೆಎಣ್ಣೆಯನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಹೊಯ್ದು, ಕಿವಿನೋವಿಗೆ ಎಣ್ಣೆ ಬಿಟ್ಟ ಹಾಗೆ ಹತ್ತಿ ಇಟ್ಟು ಎಂಟು ದಿನ ಬಿಟ್ಟರು. ಸೀಟಿನಡಿಯಲ್ಲಿ ಕಾರಿನದೇ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅಂಚನ್ನು ಇಲಿ ತಿಂದಿತ್ತು. ಅಪ್ಪ ಕಾರಿನಡಿಯಲ್ಲಿ ಅಂಗಾತ ಮಲಗುವುದು, ನಾನು ಮಣೆಯ ಮೇಲೆ ಕೂತು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಉಚ್ಚಾರದಲ್ಲಿ ಆ ಪುಸ್ತಕ ಓದುವುದು. ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಕೆಳಗಿನಿಂದ ಅಪ್ಪನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. "ಇನ್ನೊಮ್ಮೆ ಓದು," ಎನ್ನುತ್ತಿದ್ದವು ಆ ಪಾದಗಳು. ಶಾಲೆಯ ಪ್ರಾರ್ಥನೆಯ ಪುಸ್ತಕವನ್ನು ಸಹ ನಾನು ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ಜನವರಿಯ ಒಂದು ಭಾನುವಾರ ಅದು ಎದ್ದಿತು. ಕಾರಿನ ಮೂಗಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಅಪ್ಪ ತಿರುಗಿಸಿದರು, ಮತ್ತೆ ತಿರುಗಿಸಿದರು. ಅವರ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಹದಿನೈದನೆಯದೋ ಇಪ್ಪತ್ತನೆಯದೋ ಸುತ್ತಿಗೆ ಒಳಗಿನಿಂದ ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು ಬಂತು. ಆಮೇಲೆ ಹಟ್ಟಿ ತುಂಬ ನೀಲಿ ಹೊಗೆ. ಕೋಳಿಗಳು ಮಾಡಿನ ತೊಲೆಗಳಿಗೆ ಹಾರಿದವು, ದನ ಹಗ್ಗ ಜಗ್ಗಿತು. ಕಾರು ಪೂರ್ತಿ ನಡುಗುತ್ತಿತ್ತು. ನಾನು ಅದರ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಹುಟ್ಟಿದಾಗಿನಿಂದ ತಣ್ಣಗೆ ನೋಡಿದ್ದ ವಸ್ತು ನನ್ನ ಅಂಗೈಯಡಿಯಲ್ಲಿ ಬೆಚ್ಚಗಾಗುತ್ತಿತ್ತು. ಇಷ್ಟು ವರ್ಷಗಳ ನಂತರವೂ ಆ ಅಂಗೈ ನನಗೆ ನೆನಪಿದೆ.

ನಾನು ಜಗಲಿಯ ಕಡೆಗೆ ಓಡಿದೆ. ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದವರು ಎದ್ದು ನಿಂತಿದ್ದರು. ಮುಖ ಗೇಟಿನ ಕಡೆಗಿತ್ತು. ಅಂಟು ಕೈಯಲ್ಲೇ ಅವರು ಸೆರಗು ಸರಿಮಾಡಿಕೊಂಡರು. ಹಾಗೆ ಸ್ವಲ್ಪ ಹೊತ್ತು ನಿಂತು, ಸದ್ದು ಹಟ್ಟಿಯಿಂದ ಬರುತ್ತಿದೆ ಎಂದು ತಿಳಿದ ಮೇಲೆ, ನಿಧಾನಕ್ಕೆ ಕುಳಿತರು.

"ಓಡಿತಾ?"

"ಓಡಲಿಲ್ಲ ಅಜ್ಜಿ, ಸದ್ದು ಮಾತ್ರ."

"ಸದ್ದು ಅದೇ," ಎಂದರು. ಮತ್ತೆ ಬೀಜ ಬಿಡಿಸಲು ಕೈ ಹಾಕಿದವರು, "ಬಣ್ಣ ಆಗಲಿ ನೋಡುವಾ," ಎಂದರು. ಅವರ ಹೆದರಿಕೆಗೆ ಉಳಿದ ಆಸರೆ ಆ ಬಣ್ಣ ಒಂದೇ.

ಬಣ್ಣಕ್ಕೆ ಬಂದವರು ಕಾಪುವಿನ ಸೀನಣ್ಣ. ಮಳೆಗಾಲದಲ್ಲಿ ದಡಕ್ಕೆ ಎಳೆದ ದೋಣಿಗಳಿಗೆ ಬಣ್ಣ ಬಳಿಯುವುದು, ಉಳಿದ ತಿಂಗಳು ಉಡುಪಿಯಲ್ಲಿ ಬಸ್ಸುಗಳಿಗೆ. ಅವರ ಉಗುರಿನ ಸಂದಿಯಲ್ಲಿ ಊರಿನ ಎಲ್ಲ ಬಸ್ಸುಗಳ ಬಣ್ಣವಿತ್ತು. ಮೊದಲು ಹಳೆಯ ಕಪ್ಪನ್ನು ತಿಕ್ಕಿ ತೆಗೆಯಬೇಕು. ನೀರು ಹಾಕಿ ತಿಕ್ಕುವ ಕಪ್ಪು ಕಾಗದಕ್ಕೆ ಅವರು ವಾಟರ್ ಪೇಪರ್ ಎನ್ನುತ್ತಿದ್ದರು. ಶಾಲೆ ಬಿಟ್ಟ ಮೇಲೆ ನನಗೂ ಒಂದು ತುಂಡು. ಬೆರಳ ತುದಿಗಳು ನೆನೆದು ಮುದುಕಿಯ ಬೆರಳಾಗುತ್ತಿದ್ದವು. ಮರುದಿನ ಸಿಸ್ಟರ್ ನನ್ನ ಉಗುರು ನೋಡಿ, ಮನೆಯಲ್ಲಿ ಎಂತ ಕೆಲಸ ಮಾಡಿಸುತ್ತಾರೆ ನಿನ್ನಿಂದ ಎಂದು ಕೇಳಿದ್ದರು. ಕಾರು ತಿಕ್ಕುತ್ತೇನೆ ಎಂದರೆ ನಂಬಲಿಲ್ಲ.

ಕಪ್ಪಿನ ಅಡಿಯಲ್ಲಿ ಮೊದಲಿನ ಬಣ್ಣ ಸಿಗಬಹುದೆಂದು ಅಪ್ಪ ಕಾದರು. ಸಿಗಲಿಲ್ಲ. ಅಂದು ಕಪ್ಪು ಬಳಿದವರು ಎಲ್ಲವನ್ನೂ ತಗಡಿನವರೆಗೆ ಕೆರೆದಿದ್ದರು. ಕೊನೆಗೆ ಹಿಂದಿನ ಬಾಗಿಲಿನ ಅಂಚಿನ ಒಣಗಿದ ರಬ್ಬರನ್ನು ನಾನು ಎಳೆದಾಗ, ಅದರ ಬೆನ್ನಿಗೆ ಅಂಟಿಕೊಂಡು ಒಂದು ಚಕ್ಕೆ ಬಂತು. ಹುಣಸೆಬೀಜದಷ್ಟು ದೊಡ್ಡದು. ನಾನು ಅದನ್ನು ಬಿಸಿಲಿಗೆ ಹಿಡಿದೆ. ಬೂದುಗುಂಬಳದ ಬಣ್ಣ. ಬೂದಿ ಅಳಿಸದ, ಬಳ್ಳಿಯಲ್ಲೇ ಇರುವ ಬೂದುಗುಂಬಳ. ಹಸಿರೂ ಅಲ್ಲ, ಬಿಳಿಯೂ ಅಲ್ಲ. ಇಷ್ಟು ಮೆದುವಾದ ಬಣ್ಣ ಒಂದು ಯಂತ್ರದ ಮೈಮೇಲಿತ್ತೇ ಎಂದು ನನಗೆ ಆಶ್ಚರ್ಯವಾಯಿತು.

ಸೀನಣ್ಣ ಅದನ್ನು ಬೆರಳ ತುದಿಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಐದಾರು ಡಬ್ಬಗಳಿಂದ ಕಡ್ಡಿಯಲ್ಲಿ ಅಷ್ಟಷ್ಟೇ ತೆಗೆದು ಬೆರೆಸಿ, ಬಿಸ್ಕಿಟ್ ಡಬ್ಬದ ಮುಚ್ಚಳವೊಂದಕ್ಕೆ ಬಳಿದರು. ಒಣಗಿದ ಮೇಲೆ ಚಕ್ಕೆಯನ್ನು ಅದರ ಮೇಲಿಟ್ಟರು. ಚಕ್ಕೆ ಕಾಣದಾಯಿತು. ನಾನು ಬೆರಳಿನಿಂದ ತಡವಿ ಹುಡುಕಬೇಕಾಯಿತು.

ಮುಚ್ಚಳವನ್ನು ಅಜ್ಜಿಗೆ ಕೊಟ್ಟೆವು. ಅಂಗಳದ ಬಿಸಿಲಿಗೆ ಬಂದು, ಕಣ್ಣಿಗೆ ಎರಡು ಬೆರಳಷ್ಟು ಹತ್ತಿರ ಹಿಡಿದು, ಅತ್ತ ಇತ್ತ ಓರೆ ಮಾಡಿ ನೋಡಿದರು.

"ಹಳದಿ ಉಂಟು ಇದರಲ್ಲಿ."

"ಹಳದಿ ಹಾಕಲೇ ಇಲ್ಲ ಅಮ್ಮ," ಎಂದರು ಸೀನಣ್ಣ. "ಚಕ್ಕೆಗೆ ಸರಿಯಾಗಿ ಹೊಂದ್ತದೆ."

"ಚಕ್ಕೆ ಹಳತಾಗಿ ಹಳದಿಯಾಗಿರಬೇಕು. ನಾನು ನೋಡಿದ್ದು ನನಗೆ ಗೊತ್ತಿಲ್ವಾ? ಇನ್ನೊಂದು ಚೂರು ನೀಲಿ ಹಾಕು."

ಎರಡನೆಯ ಮುಚ್ಚಳ ಬಂತು. "ಇನ್ನೊಂದು ಚೂರು." ಮೂರನೆಯದು. "ಬಂತು, ಹತ್ತಿರ ಬಂತು. ಇನ್ನೊಂದು ಚೂರು." ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾಲ್ಕು ಮುಚ್ಚಳಗಳು ಸಾಲಾಗಿ ಒಣಗಿದವು. ಅಜ್ಜಿ ಬೇಕೆಂದೇ ಎಳೆಯುತ್ತಿದ್ದಾರೆ ಎಂದು ಅಮ್ಮನಿಗೆ ಅನುಮಾನ. ಆದರೆ ನಾಲ್ಕನೆಯದನ್ನು ಹಿಡಿದು ನೋಡಿದಾಗ ಅಜ್ಜಿಯ ಮುಖ ಒಮ್ಮೆಲೇ ಸಡಿಲವಾಯಿತು. "ಇದೇ," ಎಂದರು. ಅದು ನಟನೆಯಾಗಿರಲಿಲ್ಲ. ನಾನು ಹತ್ತಿರದಲ್ಲೇ ಇದ್ದೆ.

ಅವರು ಒಳಗೆ ಹೋದ ಮೇಲೆ ನಾನು ಚಕ್ಕೆಯನ್ನು ಆ ನಾಲ್ಕನೆಯ ಮುಚ್ಚಳದ ಮೇಲಿಟ್ಟೆ. ಸಮುದ್ರದ ನಡುವೆ ಒಂದು ನಡುಗಡ್ಡೆಯ ಹಾಗೆ ಅದು ಬೇರೆಯೇ ಕಂಡಿತು.

ಸೀನಣ್ಣ ತಲೆ ಕೆರೆದುಕೊಂಡರು. "ಮಾಷ್ಟ್ರೇ, ಇದು ನಮ್ಮ ದೋಣಿಯ ನೀಲಿ ಆಯಿತು ಮಾರಾಯ್ರೆ."

"ಆಗಲಿ. ಅಮ್ಮ ಹೌದು ಅಂದದ್ದೇ ಬಣ್ಣ," ಎಂದರು ಅಪ್ಪ. "ಅವಳು ಕಾರಿನಲ್ಲಿ ಕೂತರೆ ಸಾಕು ನನಗೆ." ಆಮೇಲೆ ನನ್ನ ಕಡೆ ತಿರುಗಿ, "ಆ ಚಕ್ಕೆಯ ಸುದ್ದಿ ಎತ್ತಬೇಡ ಆಯ್ತಾ?" ಎಂದರು. ನಾನು ಚಕ್ಕೆಯನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಬಣ್ಣ ಹೊಡೆಯುವ ದಿನದ ಬೆಳಿಗ್ಗೆ ಮನೆಯ ಸೊಳ್ಳೆಪರದೆಗಳೆಲ್ಲ ಅಂಗಳಕ್ಕೆ ಬಂದವು. ಧೂಳು, ಹುಳ ಕೂರಬಾರದೆಂದು ಸೀನಣ್ಣನೇ ಕಂಡುಕೊಂಡ ಉಪಾಯ ಅದು. ನಮ್ಮವು ಸಾಲದೆ ಪಕ್ಕದ ಮನೆಯ ಎರಡು ಪರದೆಗಳನ್ನೂ ತಂದು, ಬಿದಿರು ನೆಟ್ಟು ಕಟ್ಟಿದರು. ಸೆಗಣಿ ಸಾರಿಸಿದ ನೆಲಕ್ಕೆ ಅಮ್ಮ ನೀರು ಚಿಮುಕಿಸಿದರು. ಉಡುಪಿಯಿಂದ ಬಸ್ಸಿನ ಮಾಡಿನ ಮೇಲೆ ಬಂದ, ಬಣ್ಣ ಚಿಮ್ಮಿಸುವ ಕಂಪ್ರೆಸರ್ ಗುಡುಗಲು ಶುರುಮಾಡಿತು. ಅಂದು ಬೆಳಿಗ್ಗೆಯ ನೀರುದೋಸೆಗೂ ಬಣ್ಣಕ್ಕೆ ಬೆರೆಸುವ ತಿನ್ನರಿನ ವಾಸನೆ.

ಪರದೆಯೊಳಗೆ ಸೀನಣ್ಣ ಹೆಗಲ ಮೇಲಿನ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅವರ ಕೈಯ ಹೂಜಿಯಂಥ ಪಾತ್ರೆಯಿಂದ ಬಣ್ಣ ಹೊಗೆಯಾಗಿ ಬರುತ್ತಿತ್ತು. ಬ್ರಷ್ಷಿಲ್ಲ, ಕೈ ತಾಗಿಸಲಿಲ್ಲ. ಆ ಬಣ್ಣದ ಮಂಜು ತಗಡಿನ ಮೇಲೆ ಕೂತಲ್ಲಿ ಕಾರು ಒಂದೊಂದೇ ಅಂಗವಾಗಿ ಹುಟ್ಟಿ ಬರುತ್ತಿತ್ತು. ಮೊದಲು ಮೇಲಿನ ಮಾಡು, ಆಮೇಲೆ ಬಾಗಿಲು, ಆಮೇಲೆ ಚಕ್ರಗಳ ಮೇಲಿನ ಆ ಉಬ್ಬಿದ ಕೆನ್ನೆಗಳು. ಕಾನ್ವೆಂಟಿನ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುವಾಗ ನಾವು ಮಕ್ಕಳು ಹೇಗೆ ಮಾತು ನಿಲ್ಲಿಸುತ್ತಿದ್ದೆವೋ ಹಾಗೆ ಬೇಲಿಯ ಬಳಿ ನಿಂತ ಹತ್ತು ಹದಿನೈದು ಜನರೂ ಮಾತು ನಿಲ್ಲಿಸಿದ್ದರು. ಇಷ್ಟಾದರೂ ಎಲ್ಲಿಂದಲೋ ಒಂದು ಪುಟ್ಟ ಹುಳ ನುಗ್ಗಿ ಬಾನೆಟ್ಟಿನ ಮೇಲೆ ಕೂತಿತು. ಸೀನಣ್ಣ ಉಸಿರು ಹಿಡಿದು ಸೂಜಿಯಿಂದ ಅದನ್ನು ಎತ್ತಿದರು. ಅದರ ಕಾಲಿನ ಗುರುತು ಕೂದಲಿನಷ್ಟು ಸಪುರ ಉಳಿದೇ ಹೋಯಿತು.

ಹೊರಡುವ ದಿನ ಅಜ್ಜಿ ಕಾರಿನ ಬಾಗಿಲಿನವರೆಗೆ ಬಂದು ನಿಂತರು. ಅಪ್ಪ ಹ್ಯಾಂಡಲ್ ಹಿಡಿದು ಮುಂದೆ ನಿಂತಿದ್ದರು. ಅಜ್ಜಿ ಬಾಗಿಲಿನ ಮೇಲೆ ಅಂಗೈ ಇಟ್ಟು, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು.

"ಬಾಲೆ, ಆ ಚಕ್ಕೆ ನೋಡಿದವಳು ನೀನು. ನಿಜ ಹೇಳು. ಅದೂ ಇದೂ ಒಂದೇ ಬಣ್ಣವಾ?"

ಅವರ ಇನ್ನೊಂದು ಕೈ ನನ್ನ ಭುಜದ ಮೇಲಿತ್ತು. ಅಲ್ಲ ಎಂದರೆ ಅಜ್ಜಿ ಜಗಲಿಗೆ ವಾಪಸು ಹೋಗುತ್ತಾರೆ, ಮತ್ತೆ ಮಳೆಗಾಲ ಬರುತ್ತದೆ. ಹೌದು ಎಂದರೆ, ಸುಳ್ಳು ಹೇಳುವವರಿಗೆ ಏನಾಗುತ್ತದೆಂದು ಸಿಸ್ಟರ್ ವಾರಕ್ಕೊಮ್ಮೆ ಹೇಳುತ್ತಿದ್ದರು. ಅಪ್ಪ ಆಕಾಶ ನೋಡುತ್ತಿದ್ದರು.

"ಅಂದ್," ಎಂದೆ. ತುಳುವಿನಲ್ಲಿ ಹೌದು ಎನ್ನಲು ಅಷ್ಟೇ ಸಾಕು.

ಅಜ್ಜಿ ತಲೆ ಬಗ್ಗಿಸಿ ಒಳಗೆ ಕೂತರು. ಹಿರಿಯಡ್ಕ ದಾಟಿ ಪರ್ಕಳದ ಏರಿನಲ್ಲಿ ಎಂಜಿನ್ ಕುದಿದು ಆವಿ ಬಂದು, ಅಪ್ಪ ಇಳಿದು ನೀರು ಹೊಯ್ಯುವಾಗ, "ಅವರಿಗೂ ಇಲ್ಲೇ ಕುದಿಯುತ್ತಿತ್ತು," ಎಂದರು.

ಆಪರೇಷನ್ ಆಯಿತು. ತಲೆ ಅಲುಗಾಡಿಸದೆ ದಿನಗಟ್ಟಲೆ ಅಂಗಾತ ಮಲಗಿಸಿದ್ದರಂತೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಅಜ್ಜಿ ಮನೆಗೆ ಬಂದರು. ಪಟ್ಟಿ ಬಿಚ್ಚಿದ ಮೇಲೂ ಕನ್ನಡಕ ಬರುವವರೆಗೆ ಅವರಿಗೆ ಎಲ್ಲವೂ ಮಸುಕು. ಆ ನಡುವೆ ಒಂದು ದಿನ ಅಪ್ಪ ಮಣಿಪಾಲದಿಂದ ಬಂದವರು ಚಪ್ಪಲಿಯನ್ನೂ ಕಳಚದೆ ಜಗಲಿಯಲ್ಲಿ ಕೂತುಬಿಟ್ಟರು.

"ಪೊರೆ ಅಂದರೆ ಹಳದಿ ಗಾಜು ಹಾಕಿದ ಹಾಗಂತೆ," ಎಂದರು ಅಮ್ಮನಿಗೆ. "ಡಾಕ್ಟ್ರು ನಗ್ತಿದ್ದರು. ಒಂಬತ್ತನೇ ಕ್ಲಾಸಿಗೆ ಬೆಳಕಿನ ಪಾಠ ಮಾಡುವ ನಾನು, ಪೊರೆ ಬಂದವಳ ಹತ್ತಿರ ಬಣ್ಣ ಕೇಳಿದ್ದಲ್ವಾ? ಕನ್ನಡಕ ಬಂದ ಕೂಡಲೇ ಅವಳಿಗೆ ಗೊತ್ತಾಗ್ತದೆ."

ಕನ್ನಡಕ ನಮ್ಮ ಹೊಸವರ್ಷದ ಬಿಸು ಹಬ್ಬಕ್ಕೆ ಎರಡು ದಿನ ಮೊದಲು ಬಂತು, ಸೋಡಾ ಬಾಟ್ಲಿಯ ತಳದಷ್ಟು ದಪ್ಪ. ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ದೇವರೆದುರು ಜೋಡಿಸಿಟ್ಟ ಕಣಿ ನೋಡುವುದು ನಮ್ಮಲ್ಲಿ ರೂಢಿ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಅಡಿಕೆಯ ಹಿಂಗಾರ, ಕನ್ನಡಿ. "ಮೊದಲು ಕಣಿಯನ್ನೇ ನೋಡ್ತೇನೆ," ಎಂದು ಅಜ್ಜಿ ಎರಡು ದಿನ ಕನ್ನಡಕವನ್ನು ಮುಟ್ಟಲಿಲ್ಲ. ಅಪ್ಪ ಅಂದು ಬೆಳಿಗ್ಗೆ ಬೇಗ ಎದ್ದು ಕಾರಿಗೆ ಟಾರ್ಪಾಲು ಹೊದೆಸಿದರು.

ಕಣ್ಣು ಮುಚ್ಚಿದ ಅಜ್ಜಿಯನ್ನು ನಾನೇ ಕೈಹಿಡಿದು ದೇವರ ಕೋಣೆಗೆ ಕರೆದುಕೊಂಡು ಹೋದೆ. ಅಮ್ಮ ಕನ್ನಡಕ ಇಟ್ಟರು. ಅಜ್ಜಿ ಕಣ್ಣು ತೆರೆದರು. ಹಿಂಗಾರ ನೋಡಿದರು, ಕನ್ನಡಿಯಲ್ಲಿ ತಮ್ಮನ್ನು ನೋಡಿದರು, "ಇಷ್ಟು ಬೆಳ್ಳಗಾಗಿದೆಯಾ ತಲೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಗಾಜಿನೊಳಗೆ ಅವರ ಕಣ್ಣು ಎಷ್ಟು ದೊಡ್ಡದಾಗಿತ್ತೆಂದರೆ ನನಗೆ ಅದರಲ್ಲಿ ದೀಪವೂ, ದೀಪದ ಪಕ್ಕದಲ್ಲಿ ನನ್ನ ಮುಖವೂ ಕಂಡವು. ಬಹಳ ಹೊತ್ತು ನೋಡಿದರು. ಬೆರಳು ಚಾಚಿ ನನ್ನ ಕೆನ್ನೆ ಮುಟ್ಟಿದರು.

"ಇಲ್ಲಿ ನಿನಗೆ ಮಚ್ಚೆ ಉಂಟಾ? ನನಗೆ ಯಾರೂ ಹೇಳಲೇ ಇಲ್ಲ."

ಬೆರಳಿಗೆ ಸಿಗದ ಮಚ್ಚೆ ಅದು. ಎಲ್ಲರಿಗಿಂತ ಮೊದಲು ಸುಧಾರಿಸಿಕೊಂಡವರು ಅಜ್ಜಿಯೇ. "ಕಾರು ಎಲ್ಲಿ? ನೋಡುವಾ," ಎಂದು ಗೋಡೆ ಹಿಡಿಯದೆ ಹೊರಗೆ ನಡೆದರು.

ಅಪ್ಪ ಬೇರೆ ದಾರಿಯಿಲ್ಲದೆ ಟಾರ್ಪಾಲು ಎಳೆದರು. ಬಿಸಿಲು ಆಗಷ್ಟೇ ಬಂದಿತ್ತು. ಅಜ್ಜಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಇಟ್ಟು ನೋಡಿದರು.

"ಇದೆಂತ ಮಾರಾಯ? ಕಾಪುವಿನ ದೋಣಿಗೆ ಚಕ್ರ ಇಟ್ಟದ್ದಾ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ನೀನೇ ಹೇಳಿದ ಬಣ್ಣ," ಎಂದರು ಅಪ್ಪ, ತಪ್ಪು ಮಾಡಿದ ಹುಡುಗನ ಹಾಗೆ. ನಾನು ಒಳಗೆ ಓಡಿ ಕಂಪಾಸ್ ಪೆಟ್ಟಿಗೆ ತಂದು, ಚಕ್ಕೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟೆ. ಅವರು ಅದನ್ನು ನೋಡಿದರು. ಅವರ ಬೆರಳುಗಳು ತಾವಾಗಿಯೇ ಅದರ ಮೇಲೆ ಮುಚ್ಚಿಕೊಂಡವು.

"ಇದು," ಎಂದರು. "ಇದೇ ಅದು." ಮುಷ್ಟಿ ಬಿಡಿಸದೆಯೇ ನನ್ನನ್ನು ನೋಡಿ, "ಹಾಗಾದರೆ ಅವತ್ತು ನಿನಗೆ ಗೊತ್ತಿತ್ತು."

"ಹೂಂ."

"ಸಿಸ್ಟರಿಗೆ ಹೇಳಿದ್ದೀಯಾ?"

"ಇಲ್ಲ."

"ಹೇಳಬೇಡ," ಎಂದರು ಅಜ್ಜಿ, ಚಕ್ಕೆಯನ್ನು ನನ್ನ ಕೈಗೆ ವಾಪಸು ಕೊಡುತ್ತ.

ಸೀನಣ್ಣನನ್ನು ಕರೆಸಿ ಮತ್ತೆ ಬಣ್ಣ ಹೊಡೆಸುವಾ ಎಂದು ಅಪ್ಪ ಎಷ್ಟು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ದೋಣಿಯಾದರೆ ದೋಣಿ ಎಂದರು. ಆ ನೀಲಿ ಕಾರಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ಉಡುಪಿಗೂ ಕಾಪುವಿನ ಕಡಲಿಗೂ ಹೋಗಿಬಂದರು. ಅಜ್ಜಿ ತೀರಿಕೊಂಡ ಮೇಲೆ ಕಾರು ಬೇರೆಯವರ ಕೈಗೆ ಹೋಯಿತು. ಕೊಂಡವರು ಅದಕ್ಕೆ ಯಾವ ಬಣ್ಣ ಹೊಡೆಸಿದರೋ ತಿಳಿಯದು. ಹುಳದ ಕಾಲಿನ ಗುರುತು ಆ ಬಣ್ಣದ ಅಡಿಯಲ್ಲಿ ಹೋಗಿರಬೇಕು.

ಈಗ ನಮ್ಮ ಬೀದಿಯಲ್ಲಿ ಮನೆಗೆರಡು ಕಾರುಗಳಿವೆ. ಯಾವ ಸದ್ದು ಯಾರದೆಂದು ನನಗೆ ಹೇಳಲು ಬರುವುದಿಲ್ಲ. ಹೋದ ವಾರ ಕಣ್ಣಿನ ಡಾಕ್ಟರು ನನ್ನ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದರು. ಹೆದರುವಂಥದ್ದು ಏನೂ ಇಲ್ಲವಂತೆ, ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ಮನೆಗೆ. ರಿಕ್ಷಾದಲ್ಲಿ ಹೋಗಿ ಬರಬಹುದು. ಯಾರೂ ನನ್ನನ್ನು ಒಪ್ಪಿಸಬೇಕಾಗಿಲ್ಲ. ನನಗಾಗಿ ತಿಂಗಳುಗಟ್ಟಲೆ ಕಾರಿನಡಿಯಲ್ಲಿ ಮಲಗಬೇಕಾಗಿಲ್ಲ, ಸುಳ್ಳು ಹೇಳಬೇಕಾಗಿಯೂ ಇಲ್ಲ.

ಮನೆಗೆ ಬಂದು ಕಪಾಟಿನಿಂದ ಹಳೆಯ ಕಂಪಾಸ್ ಪೆಟ್ಟಿಗೆ ತೆಗೆದೆ. ಚಕ್ಕೆ ಇನ್ನೂ ಇದೆ. ಕಿಟಕಿಯ ಬಳಿ ಬಿಸಿಲಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು, ಅತ್ತ ಇತ್ತ ಓರೆ ಮಾಡಿ ನೋಡಿದೆ. ಅದು ಬೂದುಗುಂಬಳದ ಬಣ್ಣವೆಂದು ನನ್ನಷ್ಟು ಚೆನ್ನಾಗಿ ತಿಳಿದವರು ಈಗ ಯಾರೂ ಉಳಿದಿಲ್ಲ. ಆದರೂ ಅದರಲ್ಲಿ ಹಳದಿ ಉಂಟು ಅನ್ನಿಸಿತು. ಇನ್ನೊಂದು ಚೂರು ನೀಲಿ ಬೇಕಿತ್ತು.